ಮನೆಗೆ ಪ್ರಿಂಟರ್, ಬರೆಯೋಕೆ ನೋಟ್‌ಬುಕ್: ದುಡ್ಡು ಕೊಡುವ ಮೊದಲು ಮಾಡಬೇಕಾದ ಲೆಕ್ಕ

ಮನೆಗೊಂದು ಪ್ರಿಂಟರ್ ಬೇಕೇ ಬೇಕು ಅನ್ನಿಸುವುದು ಸಾಮಾನ್ಯವಾಗಿ ರಾತ್ರಿ ಒಂಬತ್ತರ ಮೇಲೆ. ಬೆಳಿಗ್ಗೆ ಮಗಳು ಸ್ಕೂಲಿಗೆ ಪ್ರಾಜೆಕ್ಟ್ ಕೊಡಬೇಕು, ಬೀದಿ ಕೊನೆಯ ಜೆರಾಕ್ಸ್ ಅಂಗಡಿ ಬಾಗಿಲು ಹಾಕಿಯಾಗಿದೆ. ಆ ಗಡಿಬಿಡಿಯಲ್ಲೇ ಫೋನ್ ತೆಗೆದು, ಎಲ್ಲಕ್ಕಿಂತ ಕಡಿಮೆ ಬೆಲೆಯದ್ದು ಯಾವುದು ಅಂತ ನೋಡಿ ಆರ್ಡರ್ ಮಾಡಿಬಿಡುತ್ತೇವೆ. ಮೂರು-ನಾಲ್ಕು ಸಾವಿರಕ್ಕೆ ಬಂದ ಆ ಪ್ರಿಂಟರ್ ಎಷ್ಟೋ ಮನೆಗಳಲ್ಲಿ ವರ್ಷ ತುಂಬುವ ಮೊದಲೇ ಅಟ್ಟ ಸೇರುತ್ತದೆ. ಇಂಕ್ ಒಣಗಿರುತ್ತದೆ. ಹೊಸ ಕಾರ್ಟ್ರಿಜ್ ತರೋಣ ಅಂದರೆ ಕಪ್ಪು, ಕಲರ್ ಎರಡೂ ಸೇರಿ ಪ್ರಿಂಟರಿನ ಅರ್ಧ ಬೆಲೆ.

ಡಬ್ಬದ ಮೇಲಿನ ಬೆಲೆ ಎಲ್ಲರೂ ನೋಡುತ್ತೇವೆ, ಒಂದು ಪುಟಕ್ಕೆ ಎಷ್ಟು ಬೀಳುತ್ತದೆ ಅಂತ ಯಾರೂ ಕೇಳುವುದಿಲ್ಲ. ಗೊಂದಲವೆಲ್ಲ ಅಲ್ಲಿಂದಲೇ ಶುರು. ನೋಟ್‌ಬುಕ್, ಪೆನ್ನು, ಬರೆಯುವ ಟ್ಯಾಬ್ ಕೊಳ್ಳುವಾಗಲೂ ಹೀಗೇ ಆಗುತ್ತದೆ. ಮೊದಲು ನಮ್ಮ ಮನೆಯ ಬಳಕೆ ಎಷ್ಟು, ಎಂಥದ್ದು ಅಂತ ಗೊತ್ತಾಗಿಬಿಟ್ಟರೆ ಮುಂದಿನ ಆಯ್ಕೆ ಸುಲಭ. ಒಂದೊಂದೇ ಹಂತ ನೋಡೋಣ. ಇಲ್ಲಿ ಕೊಟ್ಟಿರುವ ಬೆಲೆಗಳೆಲ್ಲ ಅಂದಾಜು. ಊರಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಹಂತ 1: ಒಂದು ತಿಂಗಳು ಪುಟ ಎಣಿಸಿ

ಹಾಲಿನ ಲೆಕ್ಕ, ಸಿಲಿಂಡರ್ ಬದಲಿಸಿದ ದಿನ ಬರೆಯುವ ಗೋಡೆ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಪ್ರಿಂಟಿನ ಲೆಕ್ಕವನ್ನೂ ಬರೆಯಿರಿ. ಪ್ರಿಂಟ್ ತೆಗೆಸಿದ ದಿನದ ಚೌಕದಲ್ಲಿ ‘ಕಪ್ಪು 4’, ‘ಕಲರ್ 2’ ಅಂತ ಗುರುತು ಹಾಕಿದರೆ ಸಾಕು. ತಿಂಗಳ ಕೊನೆಗೆ ಕೂಡಿ.

ಬರೆಯುವಾಗ ಪ್ರತಿ ಸಲ ಕೇಳಿಕೊಳ್ಳಿ: ಇದು ಕಾಗದದ ಮೇಲೆ ಬೇಕೇ ಬೇಕಾ? ರೈಲಿನ ಇ-ಟಿಕೆಟ್‌ಗೆ ಪ್ರಿಂಟ್ ಬೇಡ. ಫೋನಿಗೆ ಬಂದ ಮೆಸೇಜ್, ಜೊತೆಗೆ ಗುರುತಿನ ಚೀಟಿ ಇದ್ದರೆ ಆಯಿತು. ಡ್ರೈವಿಂಗ್ ಲೈಸೆನ್ಸ್, ಆರ್‌ಸಿ ಡಿಜಿಲಾಕರ್‌ನಲ್ಲಿ ಇದ್ದರೆ ಅದಕ್ಕೆ ಅಸಲಿ ದಾಖಲೆಯಷ್ಟೇ ಮಾನ್ಯತೆ ಇದೆ. ಆದರೆ ಪರೀಕ್ಷೆಯ ಹಾಲ್ ಟಿಕೆಟ್, ಸಹಿ ಹಾಕಿ ಕೊಡಬೇಕಾದ ಅರ್ಜಿ, ಮಕ್ಕಳ ವರ್ಕ್‌ಶೀಟ್ ಕಾಗದದಲ್ಲೇ ಬೇಕು. ಹೀಗೆ ಸೋಸಿ ನೋಡಿದರೆ ಎಷ್ಟೋ ಮನೆಗಳಲ್ಲಿ ತಿಂಗಳಿಗೆ ಹತ್ತು-ಹದಿನೈದು ಪುಟಕ್ಕಿಂತ ಜಾಸ್ತಿ ಉಳಿಯುವುದಿಲ್ಲ.

ಈಗ ಲೆಕ್ಕ. ಅಂಗಡಿಯಲ್ಲಿ ಒಂದು ಕಪ್ಪು-ಬಿಳುಪು ಪ್ರಿಂಟಿಗೆ 5 ರೂಪಾಯಿ ಅಂದುಕೊಳ್ಳಿ. ಬಾಟಲಿಯಿಂದ ಇಂಕು ತುಂಬುವ ಒಳ್ಳೆಯ ಇಂಕ್ ಟ್ಯಾಂಕ್ ಪ್ರಿಂಟರಿಗೆ 14,000 ರೂಪಾಯಿ. ಅದರಲ್ಲಿ ಇಂಕು, ಕಾಗದ ಸೇರಿ ಪುಟಕ್ಕೆ ಮುಕ್ಕಾಲು ರೂಪಾಯಿ. ಅಂದರೆ ಪುಟಕ್ಕೆ ಉಳಿಯುವುದು 4 ರೂಪಾಯಿ 25 ಪೈಸೆ. ಹಾಕಿದ ದುಡ್ಡು ವಾಪಸ್ ಬರಬೇಕಾದರೆ ಸುಮಾರು 3,300 ಪುಟ ಪ್ರಿಂಟ್ ಆಗಬೇಕು. ತಿಂಗಳಿಗೆ 150 ಪುಟ ಬೇಕಾಗುವ ಮನೆಯಲ್ಲಿ ಎರಡು ವರ್ಷದೊಳಗೆ ದುಡ್ಡು ಹುಟ್ಟುತ್ತದೆ. ತಿಂಗಳಿಗೆ 30 ಪುಟದ ಮನೆಯಲ್ಲಿ ಒಂಬತ್ತು ವರ್ಷ ಬೇಕು.

ಹಾಗಾಗಿ ತಿಂಗಳಿಗೆ ಮೂವತ್ತು ಪುಟದೊಳಗೆ ಇರುವವರು ಪ್ರಿಂಟರ್ ಕೊಳ್ಳುವುದೇ ಬೇಡ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಹತ್ತಿರದಲ್ಲಿ ಅಂಗಡಿಯೇ ಇಲ್ಲದ ಹಳ್ಳಿಮನೆ, ಓಡಾಡಲಾಗದ ಹಿರಿಯರಿರುವ ಮನೆ, ಮನೆಯಿಂದಲೇ ಟ್ಯೂಷನ್ ಹೇಳುವವರು, ಇವರ ಮಾತು ಬೇರೆ. ಅಲ್ಲಿ ದುಡ್ಡಿಗಿಂತ ಅನುಕೂಲ ಮುಖ್ಯ. ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಯದ್ದೂ ಬೇರೆಯೇ ಲೆಕ್ಕ. ಆರು ವಿಷಯಕ್ಕೆ ನಾಲ್ಕು ನಾಲ್ಕು ಮಾದರಿ ಪ್ರಶ್ನೆಪತ್ರಿಕೆ, ಒಂದೊಂದಕ್ಕೆ ಹತ್ತು ಪುಟ ಅಂದರೂ 240 ಪುಟ ಆಗಿಹೋಯಿತು. ಆದರೆ ಅದು ಒಂದೇ ವರ್ಷದ ಖರ್ಚು ಅನ್ನುವುದೂ ನೆನಪಿರಲಿ. ಇನ್ನು ಪಠ್ಯಪುಸ್ತಕದ ಪಿಡಿಎಫ್ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ ಅಂತ ಇಡೀ ಪುಸ್ತಕ ಮನೆಯಲ್ಲಿ ಪ್ರಿಂಟ್ ತೆಗೆಯಬೇಡಿ. ಅಚ್ಚಾದ ಪುಸ್ತಕವೇ ಕಡಿಮೆಗೆ ಸಿಗುತ್ತದೆ.

ಕೊಳ್ಳುವುದಿಲ್ಲ ಅಂತ ತೀರ್ಮಾನಿಸಿದರೆ

ಆಗ ಜೆರಾಕ್ಸ್ ಅಂಗಡಿಯನ್ನೇ ಸರಿಯಾಗಿ ಬಳಸುವುದು ಕಲಿಯಬೇಕು. ಮುಖ್ಯವಾಗಿ ಎರಡು ವಿಷಯ.

ಒಂದು, ಕನ್ನಡದ ಫೈಲು. ನುಡಿ ಅಥವಾ ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಹಾಗೇ ಕಳಿಸಿದರೆ, ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದಾಗ ‘ಮಾನ್ಯರೇ’ ಅನ್ನುವ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಲಾಗುವ ಯೂನಿಕೋಡ್‌ನಲ್ಲಿ ಬರೆದರೂ ಫಾಂಟ್ ಬದಲಾದರೆ ಸಾಲುಗಳು ಜಾರಿ, ಒಂದು ಪುಟದ ಅರ್ಜಿ ಎರಡು ಪುಟ ಆಗುತ್ತದೆ. ಮನೆಯಲ್ಲೇ ಪಿಡಿಎಫ್ ಮಾಡಿ, ಫೋನಿನಲ್ಲಿ ಒಮ್ಮೆ ತೆರೆದು ಒತ್ತಕ್ಷರಗಳು ಸರಿಯಾಗಿವೆಯಾ ನೋಡಿ, ಆಮೇಲೆ ಕಳಿಸಿ.

ಎರಡು, ದಾಖಲೆಗಳ ಗುಟ್ಟು ಕಾಪಾಡುವುದು. ಅಂಗಡಿಯವರ ವಾಟ್ಸಾಪಿಗೆ ಆಧಾರ್, ಪಾನ್, ಪಾಸ್‌ಬುಕ್ ಕಳಿಸುತ್ತೇವೆ, ಪ್ರಿಂಟ್ ತಗೊಂಡು ಬರುತ್ತೇವೆ. ಫೈಲು ಅಲ್ಲೇ ಉಳಿಯುತ್ತದೆ. ಪ್ರಿಂಟ್ ಆದ ತಕ್ಷಣ ನಿಮ್ಮ ಕಡೆಯಿಂದ ‘ಎಲ್ಲರಿಗೂ ಅಳಿಸು’ ಒತ್ತಿ. ಆದರೆ ಅವರ ಕಂಪ್ಯೂಟರಿಗೆ ಇಳಿದ ಫೈಲು ಅದರಿಂದ ಹೋಗುವುದಿಲ್ಲ. ಅದನ್ನೂ ಅಳಿಸಿ ಅಂತ ಎದುರಿಗೇ ಕೇಳಿ, ಸಂಕೋಚ ಬೇಡ. ಪೂರ್ತಿ ಆಧಾರ್ ನಂಬರ್ ಬೇಕಿಲ್ಲದ ಕಡೆಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಬಹುದು. ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಇಮೇಲ್ ಮಾತ್ರ ತೆರೆಯಲೇಬೇಡಿ.

ಹಂತ 2: ಯಾವ ಬಗೆಯ ಪ್ರಿಂಟರ್ ಅಂತ ತೀರ್ಮಾನಿಸಿ

ಬ್ರ್ಯಾಂಡ್ ಆಮೇಲೆ, ಬಗೆ ಮೊದಲು. ಮನೆಗೆ ಬರುವುದು ಮೂರೇ ಬಗೆ: ಕಾರ್ಟ್ರಿಜ್ ಇರುವ ಇಂಕ್‌ಜೆಟ್, ಟ್ಯಾಂಕ್ ಇರುವ ಇಂಕ್‌ಜೆಟ್, ಟೋನರ್ ಇರುವ ಲೇಸರ್.

ಕಾರ್ಟ್ರಿಜ್ ಪ್ರಿಂಟರ್ ಕೊಳ್ಳುವಾಗ ಅಗ್ಗ, ಆಮೇಲೆ ದುಬಾರಿ. ಸಣ್ಣ ಕಪ್ಪು ಕಾರ್ಟ್ರಿಜ್ಜಿನಲ್ಲಿ ಬರುವುದು ನೂರು-ನೂರಿಪ್ಪತ್ತು ಪುಟ. ಅದಕ್ಕೆ 800 ರೂಪಾಯಿ ಕೊಟ್ಟರೆ ಪುಟಕ್ಕೆ ಏಳು-ಎಂಟು ರೂಪಾಯಿ ಬಿತ್ತು. ಅಂಗಡಿಗಿಂತ ಜಾಸ್ತಿ! ಸಾಲದ್ದಕ್ಕೆ ಕೆಲವು ಮಾದರಿಗಳಲ್ಲಿ ಒಂದು ಬಣ್ಣ ಮುಗಿದರೂ ಕಪ್ಪು ಪ್ರಿಂಟ್ ಕೂಡ ನಿಂತುಹೋಗುತ್ತದೆ. ಇನ್ನು ಕೆಲವು, ಕಂಪನಿಯದೇ ಇಂಕ್ ಹಾಕಬೇಕು, ಇಂಟರ್ನೆಟ್ ಸದಾ ಇರಬೇಕು ಅಂತ ಷರತ್ತು ಹಾಕುತ್ತವೆ. ಡಬ್ಬದ ಮೇಲಿನ ಸಣ್ಣ ಅಕ್ಷರ ಓದದೆ ಇಂಥದ್ದನ್ನು ಮನೆಗೆ ತರಬೇಡಿ. ನನ್ನನ್ನು ಕೇಳಿದರೆ, ಈಗ ಹೊಸದಾಗಿ ಕೊಳ್ಳುವವರು ಈ ಬಗೆಯನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಇಂಕ್ ಟ್ಯಾಂಕ್‌ನಲ್ಲಿ ಬಾಟಲಿಯಿಂದ ಇಂಕು ಸುರಿಯುವುದು. ಎಪ್ಸನ್‌ನ ಎಲ್ ಸರಣಿ, ಕೆನಾನ್‌ನ ಜಿ ಸರಣಿ, ಎಚ್‌ಪಿ ಸ್ಮಾರ್ಟ್ ಟ್ಯಾಂಕ್, ಬ್ರದರ್‌ನ ಡಿಸಿಪಿ-ಟಿ ಸರಣಿ ಇವೆಲ್ಲ ಇದೇ ಬಗೆ. ಎಪ್ಸನ್ ಎಲ್3210, ಎಲ್3250ಗೆ ಹಾಕುವ 003 ನಂಬರಿನ ಕಪ್ಪು ಬಾಟಲಿ 65 ಮಿಲಿ. ಕಂಪನಿ ಹೇಳುವ ಪ್ರಕಾರ ಅದರಲ್ಲಿ 4,500 ಪುಟ. ಕೆನಾನ್‌ನ ಜಿಐ-790 ಕಪ್ಪು ಬಾಟಲಿ 135 ಮಿಲಿ, 6,000 ಪುಟ. ಬಾಟಲಿಗೆ 400 ರೂಪಾಯಿ ಅಂದುಕೊಂಡರೂ 4,500 ಪುಟಕ್ಕೆ ಹಂಚಿದಾಗ ಪುಟಕ್ಕೆ ಒಂಬತ್ತು ಪೈಸೆ. 500 ಹಾಳೆಯ ಒಂದು ರೀಮ್ ಕಾಗದ 300 ರೂಪಾಯಿ ಆದರೆ ಒಂದು ಹಾಳೆಗೆ 60 ಪೈಸೆ. ಇಂಕಿಗಿಂತ ಕಾಗದವೇ ಆರೇಳು ಪಟ್ಟು ದುಬಾರಿ ಆಯಿತಲ್ವಾ! ಟ್ಯಾಂಕ್ ಪ್ರಿಂಟರ್ ತಂದವರು ಇಂಕ್ ಉಳಿಸುವ ಚಿಂತೆ ಬಿಟ್ಟು, ಹಾಳೆಯ ಎರಡೂ ಬದಿ ಬಳಸುವುದನ್ನು ರೂಢಿ ಮಾಡಿಕೊಂಡರೆ ನಿಜವಾದ ಉಳಿತಾಯ.

ಕಂಪನಿ ಹೇಳುವ ಪುಟಗಳ ಲೆಕ್ಕವನ್ನು ಮಾತ್ರ ಹಾಗೇ ನಂಬಬೇಡಿ. ಅದು ಒಂದು ನಿಗದಿತ ಮಾದರಿ ಪುಟಗಳನ್ನು ಸತತವಾಗಿ ಅಚ್ಚುಹಾಕಿ ಅಳೆದದ್ದು. ನಮ್ಮ ಮಕ್ಕಳ ಪ್ರಾಜೆಕ್ಟಿನಲ್ಲಿ ಹಾಳೆ ತುಂಬಾ ಹಂಪಿಯ ಕಲ್ಲಿನ ರಥ, ಮೇಲೆ ನೀಲಿ ಆಕಾಶ ಇದ್ದರೆ ಆ ಒಂದು ಪುಟಕ್ಕೆ ಹತ್ತಾರು ಪುಟದ ಇಂಕು ಹೋಗುತ್ತದೆ. ಅಲ್ಲದೆ, ಹೊಸ ಪ್ರಿಂಟರಿಗೆ ಮೊದಲ ಸಲ ಇಂಕು ತುಂಬಿದಾಗ ಒಂದಷ್ಟು ಇಂಕು ಕೊಳವೆಗಳನ್ನು ತುಂಬಲಿಕ್ಕೇ ಬೇಕು. ಮೊದಲ ಬಾಟಲಿ ಬೇಗ ಮುಗಿಯಿತು ಅಂತ ಗಾಬರಿ ಬೇಡ.

ಲೇಸರ್ ಬೇರೆಯದೇ ಜಾತಿ. ಇದರಲ್ಲಿ ದ್ರವ ಇಲ್ಲ. ಟೋನರ್ ಅನ್ನುವುದು ಒಣ ಪುಡಿ. ಅದನ್ನು ಕಾಗದದ ಮೇಲೆ ಕೂರಿಸಿ, ಬಿಸಿ ರೋಲರಿನಿಂದ ಕರಗಿಸಿ ಅಂಟಿಸುತ್ತದೆ. ಒಣಗಲು ಏನೂ ಇಲ್ಲದ ಕಾರಣ ಮೂರು ತಿಂಗಳು ಮುಟ್ಟದಿದ್ದರೂ ಸ್ವಿಚ್ ಹಾಕಿದ ತಕ್ಷಣ ಪ್ರಿಂಟ್ ಬರುತ್ತದೆ. ಕೆನಾನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020 ಇಂಥ ಹಳೆಯ ಮಾದರಿಗಳು ಇವತ್ತಿಗೂ ಊರೂರ ಜೆರಾಕ್ಸ್ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಓಡುತ್ತಿರುವುದು ಇದೇ ಕಾರಣಕ್ಕೆ. ಅವುಗಳ ಟೋನರಿನಲ್ಲಿ 2,000 ಪುಟ ಬರುತ್ತದೆ. ಕಂಪನಿ ಟೋನರ್ ಹಾಕಿದರೆ ಪುಟಕ್ಕೆ ಎರಡು-ಮೂರು ರೂಪಾಯಿ, ರೀಫಿಲ್ ಮಾಡಿಸಿದರೆ ಐವತ್ತು ಪೈಸೆಯ ಒಳಗೆ. ಹೊಸ ಮಾದರಿಗಳಲ್ಲಿ ಟೋನರಿಗೆ ಚಿಪ್ ಇರುತ್ತದೆ, ರೀಫಿಲ್ ಮಾಡಿಸಿದರೆ ಚಿಪ್ಪೂ ಬದಲಿಸಬೇಕಾಗಬಹುದು. ಕೊಳ್ಳುವ ಮುಂಚೆಯೇ ಊರಿನ ರೀಫಿಲ್ ಅಂಗಡಿಯಲ್ಲಿ ‘ಈ ಮಾಡೆಲ್ಲಿಗೆ ಮಾಡ್ತೀರಾ, ಎಷ್ಟು?’ ಅಂತ ಕೇಳಿಬಿಡಿ. ಮನೆಗೆ ಎಟಕುವ ಬೆಲೆಯ ಲೇಸರ್ ಕಪ್ಪು-ಬಿಳುಪು ಮಾತ್ರ. ಕಲರ್ ಲೇಸರ್ ಆಸೆ ಬೇಡ, ನಾಲ್ಕು ಟೋನರಿನ ಖರ್ಚು ಮನೆಗೆ ತಾಳುವುದಿಲ್ಲ.

ಒಟ್ಟಿನಲ್ಲಿ ಹೀಗೆ ನೋಡಿ. ವಾರಕ್ಕೊಮ್ಮೆಯಾದರೂ ಪ್ರಿಂಟ್ ತೆಗೆಯುತ್ತೀರಿ, ಮಕ್ಕಳಿಗೆ ಬಣ್ಣವೂ ಬೇಕು: ಇಂಕ್ ಟ್ಯಾಂಕ್. ಬರೀ ಅಕ್ಷರ, ಅದೂ ಒಮ್ಮೊಮ್ಮೆ ರಾಶಿ, ಒಮ್ಮೊಮ್ಮೆ ತಿಂಗಳುಗಟ್ಟಲೆ ಏನೂ ಇಲ್ಲ: ಲೇಸರ್. ಬಣ್ಣದ ಫೋಟೋ ವರ್ಷಕ್ಕೆ ನಾಲ್ಕು ಸಲ ಬೇಕಾದರೆ ಸ್ಟುಡಿಯೋಗೆ ಹೋಗಿ ತೆಗೆಸಿ.

ಹಂತ 3: ನೀರು ಬಿದ್ದರೆ ಏನಾಗುತ್ತದೆ ಅಂತ ಕೇಳಿ

ಇದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಇಂಕಿನಲ್ಲಿ ಎರಡು ತರ: ಡೈ ಮತ್ತು ಪಿಗ್ಮೆಂಟ್. ಡೈ ಅಂದರೆ ನೀರಿನಲ್ಲಿ ಕರಗಿದ ಬಣ್ಣ. ಪಿಗ್ಮೆಂಟ್ ಅಂದರೆ ತೇಲುವ ಸಣ್ಣ ಬಣ್ಣದ ಕಣ. ಡೈ ಇಂಕಿನಲ್ಲಿ ಫೋಟೋ ಚೆನ್ನಾಗಿ ಬರುತ್ತದೆ, ಆದರೆ ಹನಿ ನೀರು ಬಿದ್ದರೆ ಅಕ್ಷರ ಹರಡುತ್ತದೆ. ಪಿಗ್ಮೆಂಟ್ ಕಪ್ಪು ಮಳೆಗೂ ಬೆವರಿಗೂ ಹೆಚ್ಚು ತಡೆಯುತ್ತದೆ. ಎಪ್ಸನ್ 003ರ ನಾಲ್ಕೂ ಬಣ್ಣ ಡೈ. ಕೆನಾನ್ ಜಿಐ-790ರಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದದ್ದು ಡೈ. ಎಚ್‌ಪಿ ಟ್ಯಾಂಕಿನ ಜಿಟಿ53 ಕಪ್ಪು ಕೂಡ ಪಿಗ್ಮೆಂಟೇ. ಲೇಸರಿಗೆ ಈ ತೊಂದರೆಯೇ ಇಲ್ಲ.

ಸಾಗರ, ತೀರ್ಥಹಳ್ಳಿ, ಕುಂದಾಪುರದ ಕಡೆಯವರಿಗೆ ಇದು ಸಣ್ಣ ವಿಷಯ ಅಲ್ಲ. ಜುಲೈ ಮಳೆಯಲ್ಲಿ ಹಾಲ್ ಟಿಕೆಟ್ ಹಿಡಿದು ಬಸ್ಸಿಳಿಯುವ ಹುಡುಗನ ಕೈಯಲ್ಲಿ ಬಾರ್‌ಕೋಡ್ ಕಲಸಿಹೋದರೆ ಕಷ್ಟ. ಮನೆಯಲ್ಲಿ ಬಹುಪಾಲು ಅಕ್ಷರವೇ ಪ್ರಿಂಟ್ ಆಗುವುದಾದರೆ ಕಪ್ಪು ಪಿಗ್ಮೆಂಟ್ ಇರುವ ಮಾದರಿಯನ್ನೇ ಆರಿಸಿ.

ಹಂತ 4: ಅಂಗಡಿಯಲ್ಲಿ ಇಷ್ಟು ನೋಡಿ

ಬೆಂಗಳೂರಿನವರು ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಒಮ್ಮೆ ಹೋಗಿ ಬರಬಹುದು. ಒಂದೇ ಬೀದಿಯಲ್ಲಿ ನಾಲ್ಕು ಅಂಗಡಿ ಕೇಳಿದರೆ ಬೆಲೆಯ ಅಂದಾಜು ಸಿಗುತ್ತದೆ. ಬೇರೆ ಊರಿನವರು ಆನ್‌ಲೈನ್ ಬೆಲೆ ನೋಡಿಕೊಂಡು ಊರಿನ ಅಂಗಡಿಯಲ್ಲೇ ಕೇಳಿ. ನೂರು-ಇನ್ನೂರು ಜಾಸ್ತಿ ಆದರೂ ತಂದು ಜೋಡಿಸಿ ಕೊಡುತ್ತಾರೆ, ಕೆಟ್ಟರೆ ಕೇಳಲು ಒಬ್ಬರಿರುತ್ತಾರೆ.

ಫೋನಿನಿಂದ ಪ್ರಿಂಟ್ ಕೊಡಬೇಕಾ? ಹಾಗಾದರೆ ವೈಫೈ ಇರುವುದನ್ನೇ ತಗೊಳ್ಳಿ. ಒಂದೇ ತರ ಕಾಣುವ ಎರಡು ಮಾದರಿಗಳಲ್ಲಿ ಒಂದಕ್ಕೆ ಮಾತ್ರ ವೈಫೈ ಇರುತ್ತದೆ. ಎಪ್ಸನ್ ಎಲ್3210ಗೆ ಯುಎಸ್‌ಬಿ ಮಾತ್ರ, ಎಲ್3250ಗೆ ವೈಫೈ ಉಂಟು. ಬ್ರದರ್‌ನಲ್ಲಿ ಡಿಸಿಪಿ-ಟಿ220ಗೆ ಇಲ್ಲ, ಟಿ420ಡಬ್ಲ್ಯುಗೆ ಇದೆ. ಲ್ಯಾಪ್‌ಟಾಪ್ ಇಲ್ಲದ ಮನೆಗೆ ಯುಎಸ್‌ಬಿ ಪ್ರಿಂಟರ್ ತಂದರೆ ಉಪಯೋಗವೇ ಆಗುವುದಿಲ್ಲ. ಇನ್ನೊಂದು ಮಾತು, ಕಡಿಮೆ ಬೆಲೆಯ ಎಷ್ಟೋ ಪ್ರಿಂಟರುಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರಿಕೊಳ್ಳುತ್ತವೆ. ಜೋಡಿಸುವಾಗ ನಿಮ್ಮ ರೌಟರಿನಲ್ಲಿ ಅದು ಆನ್ ಇರಲಿ.

ಸ್ಕ್ಯಾನ್, ಕಾಪಿ ಎರಡೂ ಇರುವ ಆಲ್-ಇನ್-ಒನ್ ತಗೊಂಡರೆ ಜೆರಾಕ್ಸ್ ಓಡಾಟವೂ ತಪ್ಪುತ್ತದೆ. ಸ್ಕ್ಯಾನಿಗೆ ಅಂತಲೇ ಜಾಸ್ತಿ ದುಡ್ಡು ಕೊಡಬೇಕಿಲ್ಲ, ದಾಖಲೆಗೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಧಾರಾಳ. ಬರೀ ಸ್ಕ್ಯಾನ್ ಬೇಕಾದವರಿಗೆ ಗೂಗಲ್ ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡುವ ಸೌಲಭ್ಯ ಇದೆ, ಐಫೋನಿನ ನೋಟ್ಸ್‌ನಲ್ಲೂ ಇದೆ. ಹಿಂದೆ ಎಲ್ಲರ ಫೋನಿನಲ್ಲೂ ಇದ್ದ ಕ್ಯಾಮ್‌ಸ್ಕ್ಯಾನರ್ 2020ರಲ್ಲಿ ನಮ್ಮ ದೇಶದಲ್ಲಿ ನಿಷೇಧ ಆದ ಆ್ಯಪ್‌ಗಳ ಪಟ್ಟಿಯಲ್ಲಿತ್ತು. ಅದರ ಬದಲಿಗೆ ಸಿಕ್ಕಸಿಕ್ಕ ಆ್ಯಪ್ ಹಾಕಿಕೊಂಡು ಆಧಾರ್ ಸ್ಕ್ಯಾನ್ ಮಾಡಬೇಡಿ.

ಎರಡೂ ಬದಿ ತಾನೇ ಪ್ರಿಂಟ್ ಮಾಡುವ ಸೌಲಭ್ಯ ಅಗ್ಗದ ಟ್ಯಾಂಕ್ ಮಾದರಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಕೈಯಲ್ಲಿ ತಿರುಗಿಸಿ ಹಾಕಬೇಕು. ಲೇಸರಿನಲ್ಲಿ ಬ್ರದರ್ ಎಚ್‌ಎಲ್-ಎಲ್2321ಡಿ ತರದ ಮಾದರಿಗಳಲ್ಲಿ ಅದು ಸಿಗುತ್ತದೆ. ವಾರಂಟಿ ಕಾರ್ಡಿನಲ್ಲಿ ವರ್ಷದ ಜೊತೆ ಪುಟಗಳ ಮಿತಿಯೂ ಇದೆಯಾ ಓದಿ. ಸರ್ವಿಸ್ ಸೆಂಟರ್ ನಿಮ್ಮ ಜಿಲ್ಲಾ ಕೇಂದ್ರದಲ್ಲಾದರೂ ಇರಬೇಕು. ಅದಿಲ್ಲದ ಬ್ರ್ಯಾಂಡ್ ಎಷ್ಟೇ ಅಗ್ಗ ಆದರೂ ಬೇಡ.

ಹಂತ 5: ಮನೆಗೆ ತಂದ ಮೇಲೆ

ಇಂಕ್ ಟ್ಯಾಂಕ್ ಹಾಳಾಗುವುದು ಬಳಸಿ ಅಲ್ಲ, ಬಳಸದೆ. ಅದಕ್ಕೇ ಈ ಹಂತವನ್ನು ಸ್ವಲ್ಪ ನಿಧಾನಕ್ಕೆ ಓದಿ.

ಪ್ರಿಂಟರನ್ನು ಗೋಡೆಯ ಸ್ವಿಚ್ಚಿನಿಂದ ನೇರವಾಗಿ ಆಫ್ ಮಾಡಬೇಡಿ. ಮೊದಲು ಅದರ ಮೈಮೇಲಿನ ಪವರ್ ಬಟನ್ ಒತ್ತಿ, ಸುಮ್ನೆ ಕಿವಿಗೊಟ್ಟು ಕೇಳಿ. ಒಳಗೆ ಇಂಕು ಸಿಂಪಡಿಸುವ ಹೆಡ್ ಸರ್ರನೆ ಸರಿದು ಒಂದು ಮೂಲೆಗೆ ಹೋಗಿ ‘ಟಕ್’ ಅಂತ ನಿಲ್ಲುವ ಸದ್ದು ಬರುತ್ತದೆ. ಅಲ್ಲಿ ಹೆಡ್ಡಿನ ಬಾಯಿಗೆ ರಬ್ಬರ್ ಮುಚ್ಚಳ ಕೂರುತ್ತದೆ. ದೀಪ ಆರಿದ ಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ. ನೇರವಾಗಿ ಸ್ವಿಚ್ ಆರಿಸಿದರೆ ಹೆಡ್ ನಡುವೆಯೇ ತೆರೆದ ಬಾಯಲ್ಲಿ ನಿಂತುಬಿಡಬಹುದು. ಕಲಬುರಗಿ, ರಾಯಚೂರಿನ ಏಪ್ರಿಲ್ ಸೆಕೆಯಲ್ಲಿ ಇಂಕು ಗಟ್ಟಿಯಾಗಲು ಬಹಳ ದಿನ ಬೇಡ. ಕರೆಂಟ್ ಹೋದಾಗಲೂ ಹೀಗೇ ಆಗುತ್ತದೆ. ಬಂದ ಮೇಲೆ ಒಮ್ಮೆ ಆನ್ ಮಾಡಿ, ಬಟನ್ನಿನಿಂದಲೇ ಆಫ್ ಮಾಡಿ.

ವಾರಕ್ಕೊಮ್ಮೆ ನಾಲ್ಕೂ ಬಣ್ಣ ಇರುವ ಒಂದು ಪುಟ ತೆಗೆಯಿರಿ. ಬೇರೇನೂ ಇಲ್ಲದಿದ್ದರೆ ನಾಝಲ್ ಚೆಕ್ (ಹೆಡ್ಡಿನ ಸಣ್ಣ ತೂತುಗಳ ಪರೀಕ್ಷೆ) ಕೊಡಿ, ಅದಕ್ಕೆ ಹಿಡಿಯುವ ಇಂಕು ತೀರಾ ಕಡಿಮೆ. ಹಾಳೆಯ ಮೇಲೆ ನಾಲ್ಕು ಬಣ್ಣದ ಸಣ್ಣ ಸಣ್ಣ ಗೆರೆಗಳ ಮೆಟ್ಟಿಲು ಬರುತ್ತದೆ. ಮೆಟ್ಟಿಲು ಎಲ್ಲೂ ತುಂಡಾಗಿರದಿದ್ದರೆ ಹೆಡ್ ಸರಿಯಿದೆ. ಹಳದಿಯಲ್ಲಿ ಗೆರೆ ಹಾರಿದ್ದು ಬಿಳಿ ಹಾಳೆಯ ಮೇಲೆ ಬೇಗ ಕಣ್ಣಿಗೆ ಬೀಳುವುದಿಲ್ಲ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ತುಂಡಾಗಿದ್ದರೆ ಒಮ್ಮೆ ಹೆಡ್ ಕ್ಲೀನಿಂಗ್ ಕೊಟ್ಟು ಮತ್ತೆ ಚೆಕ್ ಮಾಡಿ. ಎರಡು ಮೂರು ಸಲಕ್ಕೂ ಸರಿಹೋಗದಿದ್ದರೆ ಒಂದು ರಾತ್ರಿ ಬಿಟ್ಟು ನೋಡಿ. ಮೇಲಿಂದ ಮೇಲೆ ಕ್ಲೀನಿಂಗ್ ಕೊಡುತ್ತಾ ಕೂರಬೇಡಿ. ಪ್ರತಿ ಸಲವೂ ಒಳ್ಳೆಯ ಇಂಕು ಒಳಗಿನ ವೇಸ್ಟ್ ಪ್ಯಾಡಿಗೆ ಸುರಿಯುತ್ತದೆ. ಆ ಪ್ಯಾಡ್ ತುಂಬಿದೆ ಅಂತ ಪ್ರಿಂಟರಿಗೆ ಲೆಕ್ಕ ಸಿಕ್ಕರೆ ಕೆಲಸವನ್ನೇ ನಿಲ್ಲಿಸುತ್ತದೆ.

ಟ್ಯಾಂಕಿನ ಮೇಲೆ ಕೆಳಗಿನ ಗೆರೆ ಇದೆಯಲ್ಲ, ಇಂಕು ಅದಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಕೊಳವೆಗೆ ಗಾಳಿ ಸೇರಿದರೆ ಸರಿಮಾಡಿಸುವುದು ತಲೆನೋವು. ಬೇಸಿಗೆ ರಜೆಗೆ ಊರಿಗೆ ಹೊರಡುವ ಮೊದಲು ಒಂದು ಕಲರ್ ಪುಟ ತೆಗೆದು, ಬಟನ್ನಿನಿಂದ ಆಫ್ ಮಾಡಿ, ಮೇಲೊಂದು ಬಟ್ಟೆ ಹೊದಿಸಿ ಹೋಗಿ.

ಲೇಸರ್ ತಂದವರಿಗೆ ಮೂರೇ ಎಚ್ಚರಿಕೆ. ಅದನ್ನು ಮನೆಯ ಸಣ್ಣ ಯುಪಿಎಸ್‌ಗೆ ಹಾಕಬೇಡಿ. ರೋಲರ್ ಬಿಸಿಯಾಗುವಾಗ ಒಮ್ಮೆಲೇ ಭಾರೀ ಕರೆಂಟ್ ಎಳೆಯುತ್ತದೆ, ಯುಪಿಎಸ್ ಆಫ್ ಆಗಿಬಿಡಬಹುದು. ಇಂಕ್‌ಜೆಟ್‌ಗೆ ಆ ಚಿಂತೆ ಇಲ್ಲ, ಅದು ಎಳೆಯುವುದು ಹತ್ತಿಪ್ಪತ್ತು ವ್ಯಾಟ್. ಎರಡನೆಯದು, ಇಂಕ್‌ಜೆಟ್‌ಗೆ ಅಂತ ಮಾರುವ ಹೊಳಪಿನ ಫೋಟೋ ಪೇಪರನ್ನು ಲೇಸರಿಗೆ ಹಾಕಲೇಬೇಡಿ. ಮೇಲಿನ ಲೇಪ ಕರಗಿ ರೋಲರಿಗೆ ಅಂಟಿಕೊಂಡರೆ ರಿಪೇರಿ ಖರ್ಚು ದೊಡ್ಡದು. ಮೂರನೆಯದು, ಟೋನರ್ ಪುಡಿ ಬಟ್ಟೆಗೆ ಬಿದ್ದರೆ ಕೊಡವಿ, ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಕಲೆ ಅಲ್ಲೇ ಕೂರುತ್ತದೆ.

ಹಂತ 6: ಕಾಗದ

ರೀಮಿನ ಮೇಲೆ 70, 75, 80 ಜಿಎಸ್‌ಎಂ ಅಂತ ಬರೆದಿರುತ್ತದೆ. ಅದು ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಎ4 ಹಾಳೆ 16 ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 75 ಜಿಎಸ್‌ಎಂನ 500 ಹಾಳೆ 2 ಕೆಜಿ 340 ಗ್ರಾಂ ಹತ್ತಿರ ತೂಗಬೇಕು. ಹೆಸರಿಲ್ಲದ ಅಗ್ಗದ ಕಟ್ಟು ಕೊಳ್ಳುವಾಗ ತಕ್ಕಡಿಗೆ ಇಟ್ಟು ನೋಡಿದರೆ ನಿಜ ಗೊತ್ತಾಗುತ್ತದೆ. ಒಂದೇ ಬದಿ ಪ್ರಿಂಟಿಗೆ 70 ಸಾಕು, ಎರಡು ಬದಿಗೆ 75 ಇರಲಿ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನ ಕಾಗದ ಸಿಕ್ಕರೆ ನೋಡಿ, ಕಬ್ಬಿನ ಸಿಪ್ಪೆಯಿಂದಲೂ ಕಾಗದ ಮಾಡುವ ತಮಿಳುನಾಡಿನ ಟಿಎನ್‌ಪಿಎಲ್‌ನದ್ದೂ ಸಿಗುತ್ತದೆ.

ಮಳೆಗಾಲದಲ್ಲಿ ಕಾಗದ ತೇವ ಎಳೆದುಕೊಂಡು ಅಂಚು ಸುರುಳಿಯಾಗುತ್ತದೆ. ಎರಡು ಹಾಳೆ ಒಟ್ಟಿಗೆ ಒಳಗೆ ಹೋಗುವುದು, ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇದರಿಂದಲೇ. ಟ್ರೇಯಲ್ಲಿ ಅವತ್ತಿಗೆ ಬೇಕಾದಷ್ಟೇ ಇಟ್ಟು, ಉಳಿದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೀರುವಿನಲ್ಲಿಡಿ.

ಒಂದು ಬದಿ ಪ್ರಿಂಟ್ ಆದ ಹಾಳೆಗಳನ್ನು ಎಸೆಯಬೇಡಿ. ಮಡಿಕೆ ಇಲ್ಲದವನ್ನು ಆರಿಸಿ, ಪಿನ್ ತೆಗೆದು, ಮೂಲೆಗೆ ತೂತು ಮಾಡಿ ಟ್ಯಾಗ್ ಕಟ್ಟಿದರೆ ಮಕ್ಕಳಿಗೆ ಗಣಿತದ ರಫ್ ಬುಕ್ ಆಗುತ್ತದೆ. ಪಿನ್ ಇರುವ ಹಾಳೆ ತಪ್ಪಿಯೂ ಪ್ರಿಂಟರಿನೊಳಗೆ ಹೋಗಬಾರದು.

ಹಂತ 7: ಬರೆದಿಡಲು ಏನು?

ಪ್ರಿಂಟರಿಗೆ ಕೇಳಿದ ಪ್ರಶ್ನೆಯನ್ನೇ ಇಲ್ಲೂ ಕೇಳಿ. ಯಾರು, ಏನನ್ನು, ಎಷ್ಟು ದಿನಕ್ಕೆ ಬರೆದಿಡುತ್ತಾರೆ? ಮಗನ ಪಿಯುಸಿ ನೋಟ್ಸು, ಅಮ್ಮನ ದಿನಸಿ ಪಟ್ಟಿ, ಅಜ್ಜನ ಬಿಪಿ ಲೆಕ್ಕ, ತೋಟದ ಕೂಲಿ ಲೆಕ್ಕ, ಇವಕ್ಕೆಲ್ಲ ಒಂದೇ ಸಾಧನ ಹುಡುಕುವುದು ಬೇಡ.

ಓದುವ ಮಕ್ಕಳಿಗೆ ಕಾಗದದ ನೋಟ್‌ಬುಕ್ಕೇ ಸರಿ. ಪರೀಕ್ಷೆ ಬರೆಯುವುದು ಕೈಯಲ್ಲಿ, ಅಭ್ಯಾಸವೂ ಕೈಗೇ ಆಗಬೇಕು. ಕೊಳ್ಳುವಾಗ ಪುಟಗಳ ಸಂಖ್ಯೆ ಮಾತ್ರ ನೋಡಬೇಡಿ, ಉದ್ದ-ಅಗಲವೂ ನೋಡಿ. ಎರಡು ಪುಸ್ತಕದಲ್ಲೂ 172 ಪುಟ ಅಂತ ಇದ್ದು, ಒಂದು 24×18 ಸೆಂಟಿಮೀಟರ್, ಇನ್ನೊಂದು 29.7×21 ಇರಬಹುದು. ಎರಡನೆಯದರಲ್ಲಿ ಬರೆಯುವ ಜಾಗ ಮೊದಲನೆಯದರ ಸುಮಾರು ಒಂದೂವರೆ ಪಟ್ಟು. ವರ್ಷಪೂರ್ತಿ ಬ್ಯಾಗಿನಲ್ಲಿ ಓಡಾಡುವ ಪುಸ್ತಕಕ್ಕೆ ಪಿನ್ ಹೊಡೆದದ್ದಕ್ಕಿಂತ ಹೊಲಿಗೆ ಹಾಕಿದ್ದು ಬಾಳಿಕೆ ಬರುತ್ತದೆ.

ಪೆನ್ನು ಮತ್ತು ಕಾಗದ ಹೊಂದುತ್ತವೆಯಾ ಅಂತ ಅಂಗಡಿಯಲ್ಲೇ ಪರೀಕ್ಷಿಸಬಹುದು. ಮಗ ಬಳಸುವ ಪೆನ್ನನ್ನೇ ಜೇಬಿನಲ್ಲಿ ಒಯ್ಯಿರಿ. ಒಂದು ನೋಟ್‌ಬುಕ್ ಕೊಂಡು, ಕೊನೆಯ ಪುಟದಲ್ಲಿ ‘ಜ್ಞಾನ’, ‘ಶಾಸ್ತ್ರ’ ಅಂತ ಒತ್ತಕ್ಷರ ಇರುವ ಎರಡು ಪದ ಬರೆಯಿರಿ. ಪಕ್ಕದಲ್ಲಿ ಪೆನ್ನಿನ ಮೊನೆಯನ್ನು ಐದು ಸೆಕೆಂಡ್ ಒಂದೇ ಕಡೆ ಊರಿ ಹಿಡಿಯಿರಿ. ಈಗ ಹಾಳೆ ತಿರುಗಿಸಿ. ಚುಕ್ಕೆ ಹಿಂದಕ್ಕೆ ಇಳಿದಿದ್ದರೆ ಆ ಪುಸ್ತಕದಲ್ಲಿ ಜೆಲ್ ಪೆನ್ನಿನಿಂದ ಎರಡೂ ಬದಿ ಬರೆಯಲಾಗದು, ಬಾಲ್ ಪೆನ್ನೇ ಗತಿ. ಒತ್ತಕ್ಷರದ ಒಳಗಿನ ಸಂದು ತುಂಬಿ ಮಸಿಯ ಮುದ್ದೆಯಂತೆ ಕಂಡರೆ ಮೊನೆ ದಪ್ಪ ಆಯಿತು, 0.7ರ ಬದಲು 0.5 ಮಿಲಿಮೀಟರ್ ನೋಡಿ. ಕನ್ನಡ ಬರೆಯುವ ಮಕ್ಕಳಿಗೆ ಇದು ಮುಖ್ಯ. ಒಂದರಲ್ಲಿ ಸರಿ ಅನ್ನಿಸಿದರೆ ಡಜನ್ ತಗೊಳ್ಳಿ. ಬೆಂಗಳೂರಿನಲ್ಲಿ ಅವೆನ್ಯೂ ರೋಡಿನ ಸಗಟು ಅಂಗಡಿಗಳಲ್ಲಿ ಡಜನ್ ಲೆಕ್ಕಕ್ಕೆ ಕಡಿಮೆ ಬೀಳುತ್ತದೆ. ಅಕ್ಕಪಕ್ಕದ ಮೂರು ಮನೆಯವರು ಸೇರಿ ತಂದರೆ ಇನ್ನೂ ಒಳ್ಳೆಯದು.

ಹಿರಿಯರ ಬಿಪಿ, ಶುಗರ್ ಲೆಕ್ಕಕ್ಕೆ ಒಂದು ಸಣ್ಣ ಗಟ್ಟಿ ರಟ್ಟಿನ ಪುಸ್ತಕ ಇಡಿ. ತಾರೀಖು, ಹೊತ್ತು, ರೀಡಿಂಗ್, ತಿನ್ನುವ ಮುಂಚೆಯೋ ತಿಂದ ಆಮೇಲೋ ಅಂತ ನಾಲ್ಕು ಕಲಂ ಹಾಕಿಕೊಡಿ. ಡಾಕ್ಟರು ಒಂದೇ ನೋಟದಲ್ಲಿ ತಿಂಗಳ ಏರಿಳಿತ ನೋಡುತ್ತಾರೆ. ಫೋನ್ ಚಾರ್ಜ್ ಇಲ್ಲ, ಆ್ಯಪ್ ತೆರೆಯುತ್ತಿಲ್ಲ ಅನ್ನುವ ಗೋಳಿಲ್ಲ. ಮನೆಯಲ್ಲಿ ಪ್ರಿಂಟರ್ ಇದ್ದರೆ ಈ ಕಲಂಗಳನ್ನು ದೊಡ್ಡ ಅಕ್ಷರದಲ್ಲಿ ನೀವೇ ಅಚ್ಚುಹಾಕಿ ಟ್ಯಾಗ್ ಕಟ್ಟಿ ಕೊಡಬಹುದು. ಕಣ್ಣು ಮಂಜಾದವರಿಗೆ ಅಂಗಡಿಯ ಪುಸ್ತಕಕ್ಕಿಂತ ಇದೇ ಅನುಕೂಲ.

ಎಲ್‌ಸಿಡಿ ಬರೆಯುವ ಸ್ಲೇಟು ಇನ್ನೂರು-ಮುನ್ನೂರು ರೂಪಾಯಿಗೆ ಸಿಗುತ್ತದೆ. ಮಗ್ಗಿ, ಕಾಗುಣಿತ, ರಫ್ ಲೆಕ್ಕಕ್ಕೆ ಬಹಳ ಚೆಂದ, ರಾಶಿ ಕಾಗದ ಉಳಿಯುತ್ತದೆ. ಬಟನ್ ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ, ಏನನ್ನೂ ಉಳಿಸಿಕೊಳ್ಳುವುದಿಲ್ಲ, ಹಾಗಾಗಿ ನೋಟ್ಸಿಗೆ ಅಲ್ಲ. ಅದರೊಳಗೆ ಗುಂಡಗಿನ ಬಟನ್ ಸೆಲ್ ಇರುತ್ತದೆ. ಸಣ್ಣ ಮಗು ನುಂಗಿದರೆ ಜೀವಕ್ಕೇ ಅಪಾಯ. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಸ್ಲೇಟನ್ನು ಮನೆಗೆ ತರಲೇಬೇಡಿ.

ಅಂಗೈ ಅಗಲದ ಥರ್ಮಲ್ ಪ್ರಿಂಟರುಗಳೂ ಈಗ ಬಂದಿವೆ. ಇಂಕು ಬೇಡ, ಬಸ್ ಟಿಕೆಟಿನಂಥ ಸುರುಳಿ ಕಾಗದದಲ್ಲಿ ಬಿಸಿಯಿಂದ ಅಚ್ಚಾಗುತ್ತದೆ. ಡಬ್ಬಿಗಳಿಗೆ ಹೆಸರು ಅಂಟಿಸಲು ಪರವಾಗಿಲ್ಲ. ಆದರೆ ಅಕ್ಷರ ಕ್ರಮೇಣ ಮಾಸಿಹೋಗುತ್ತದೆ, ಎ4 ಪ್ರಿಂಟರಿನ ಬದಲಿಗೆ ಇದು ಆಗುವುದಿಲ್ಲ. ಟ್ಯಾಬಿನಲ್ಲಿ ಪೆನ್ನು ಹಿಡಿದು ಬರೆಯಬೇಕು ಅನ್ನುವವರು ಪೆನ್ನು ಜೊತೆಗೇ ಬರುತ್ತದಾ, ಬೇರೆ ಕೊಳ್ಳಬೇಕಾ ಅಂತ ನೋಡಿ. ಸ್ಯಾಮ್ಸಂಗ್‌ನ ಟ್ಯಾಬ್ ಎಸ್6 ಲೈಟ್‌ನಲ್ಲಿ ಡಬ್ಬದೊಳಗೇ ಪೆನ್ನು ಇರುತ್ತದೆ. ರಬ್ಬರ್ ಮೊನೆಯ ನೂರು ರೂಪಾಯಿ ಪೆನ್ನಿನಿಂದ ಬರವಣಿಗೆ ಸಾಗುವುದಿಲ್ಲ.

ಇನ್ನು ಫೋನು. ದಿನಸಿ ಪಟ್ಟಿ, ಕೇಬಲ್ಲಿನವರ ನಂಬರ್, ಥಟ್ಟನೆ ಹೊಳೆದ ಮಾತು, ಇಂಥವಕ್ಕೆ ಗೂಗಲ್ ಕೀಪ್ ಆ್ಯಪ್ ಉಚಿತ, ಹಗುರ. ಒಂದೇ ಪಟ್ಟಿಯನ್ನು ಮನೆಯವರೆಲ್ಲ ಹಂಚಿಕೊಳ್ಳಬಹುದು. ನೀವು ಅಂಗಡಿಯಲ್ಲಿ ಬೇಳೆಗೆ ಗುರುತು ಹಾಕಿದರೆ ಮನೆಯಲ್ಲಿದ್ದವರ ಫೋನಿನಲ್ಲೂ ಅದು ಕಾಣುತ್ತದೆ. ಉದ್ದದ ನೋಟ್ಸಿಗೆ ಒನ್‌ನೋಟ್ ಒಳ್ಳೆಯದು. ಕನ್ನಡ ಟೈಪಿಂಗ್ ಬರದವರು ಗೂಗಲ್ಲಿನ ಕೀಬೋರ್ಡ್ ಆ್ಯಪ್ ಆದ ಜಿಬೋರ್ಡಿನಲ್ಲಿ ಕನ್ನಡ ಸೇರಿಸಿಕೊಂಡು ಮೈಕ್ ಒತ್ತಿ ಮಾತಾಡಿದರೆ ಅಕ್ಷರ ಮೂಡುತ್ತದೆ. ಅದರಲ್ಲೇ ಬೆರಳಿನಿಂದ ಕನ್ನಡ ಬರೆಯುವ ಆಯ್ಕೆಯೂ ಇದೆ. ಹಳೆಯ ಅಚ್ಚಿನ ಪುಟದಲ್ಲಿರುವ ಕನ್ನಡವನ್ನು ಅಕ್ಷರವಾಗಿ ಎತ್ತಿಕೊಳ್ಳಲು ಗೂಗಲ್ ಲೆನ್ಸ್ ಇದೆ, ಹೆಸರು ಮತ್ತು ಅಂಕಿಗಳನ್ನು ಮಾತ್ರ ಒಮ್ಮೆ ಮೂಲಕ್ಕೆ ತಾಳೆ ನೋಡಿ.

ಬ್ಯಾಂಕ್ ಪಾಸ್‌ವರ್ಡ್, ಎಟಿಎಂ ಪಿನ್ ಇಂಥ ನೋಟ್ಸಿನಲ್ಲಿ ಬರೆದಿಡಬೇಡಿ. ಕಾಗದದ ಮುಖ್ಯ ಪುಟಗಳಾದ ಕೂಲಿ ಲೆಕ್ಕ, ಬಿಪಿ ಪುಸ್ತಕ, ಪರೀಕ್ಷೆಯ ನೋಟ್ಸುಗಳನ್ನು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ಡ್ರೈವ್‌ನಲ್ಲಿಡಿ. ಫೋನಿನ ನೋಟ್ಸಿನಲ್ಲಿ ಕಳೆದುಹೋಗಬಾರದ್ದು ಏನಾದರೂ ಇದ್ದರೆ ಅದನ್ನು ಒಂದು ಪುಟ ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಪಿಗ್ಮೆಂಟ್ ಕಪ್ಪೋ ಲೇಸರೋ ಆದರೆ ಆ ಹಾಳೆ ಬಹಳ ಕಾಲ ಉಳಿಯುತ್ತದೆ.